ಗುಳ್ಳೆಬೇಲಿ

ಮರಳಕೇರಿಯ ದಡದಲ್ಲಿ ತಾರಾಮತಿ ದೋಣಿಯಿಂದ ಇಳಿದಾಗ ಹಗ್ಗ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಬಲೆ ಹೊಲಿಯುತ್ತ ಕುಳಿತಿದ್ದ ಹೆಂಗಸರು ಒಮ್ಮೆ ತಲೆಯೆತ್ತಿ ನೋಡಿ, ಬೆನ್ನು ತಿರುಗಿಸಿ ಕುಳಿತರು. ಅವರಲ್ಲೊಬ್ಬಳು ಅವಳಿಗೆ ಕೇಳಿಸುವಷ್ಟೇ ಗಟ್ಟಿಯಾಗಿ ಹೇಳಿದಳು: "ಹೊಳೆಬಾಗಿಲಿನವ್ರು ಬಂದ್ರು ನೋಡು. ನೀರಲ್ಲಿ ಕಳ್ಸಿದ್ದು ಸಾಲ್ಲಿಲ್ಲ ಅಂತ ಇವತ್ತು ಕೈಯಲ್ಲೇ ತಂದ್ರೋ ಏನೋ."

ತಾರಾಮತಿಯ ಕೈಯಲ್ಲಿದ್ದದ್ದು ಒಂದು ಚಿಪ್ಪು ಬಾಳೆಹಣ್ಣು ಮತ್ತು ಅಕ್ಕನಿಗೆಂದು ಮಾಡಿದ ಗಂಜಿಯ ಡಬ್ಬಿ. ಅವಳು ಮುಂದೆ ನಡೆದಳು. ದಡದುದ್ದಕ್ಕೂ ಮರಳು ಕಾಣುತ್ತಿರಲಿಲ್ಲ. ಹರಿದ ಚಪ್ಪಲಿ, ಹಾಲಿನ ಕವರು, ಥರ್ಮಾಕೋಲು, ಮಕ್ಕಳಿಗೆ ಕಟ್ಟುವ ಡೈಪರು, ಆಸ್ಪತ್ರೆಯ ಸಲೈನ್ ನಳಿಗೆ, ಎಲ್ಲವೂ ಮೊಣಕಾಲೆತ್ತರಕ್ಕೆ ಬಿದ್ದಿದ್ದವು. ಬಿಸಿಲಿಗೆ ಬೆಂದು ಬರುವ ನಾತಕ್ಕೆ ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ತನ್ನನ್ನು ನೋಡುತ್ತಿದ್ದಾರೆಂದು ಗೊತ್ತಾಗಿ ಕೂಡಲೇ ತೆಗೆದಳು.

ಅಕ್ಕ ಮಾದೇವಿ ಜಗಲಿಯ ಮೇಲೆ ಕುಳಿತಿದ್ದಳು. ಬಲಗಾಲಿಗೆ ಬ್ಯಾಂಡೇಜು. ಕೆಸರಿನಲ್ಲಿ ಬೆಳಚು ಹೆಕ್ಕುವಾಗ ಕಸದಡಿಯಲ್ಲಿದ್ದ ಸೂಜಿಯೊಂದು ಚುಚ್ಚಿ, ಕಾಲು ಬಾತು, ಜಿಲ್ಲಾಸ್ಪತ್ರೆಯಲ್ಲಿ ಎರಡು ಬೆರಳು ಕತ್ತರಿಸಿದ್ದರು. ಬೆಳಚೆಂದರೆ ಅಳಿವೆಯ ಕೆಸರಿನೊಳಗೆ ಹುದುಗಿರುವ ಚಿಪ್ಪುಮೀನು; ಇಳಿತದ ಹೊತ್ತಿಗೆ ಸೊಂಟದವರೆಗೆ ನೀರಿಗಿಳಿದು ಹೆಂಗಸರು ಅದನ್ನು ತುಳಿದು ತುಳಿದೇ ಪತ್ತೆ ಮಾಡುತ್ತಾರೆ.

"ಕಾಲು ನೋಡೂಕೆ ಬಂದ್ಯಾ?" ಎಂದಳು ಮಾದೇವಿ. "ನೋಡು. ಇನ್ನೂ ಮೂರು ಬೆರಳು ಉಂಟು. ಅದಕ್ಕೂ ಎಂತಾದ್ರೂ ಕಳ್ಸೂಕೆ ಆಗ್ತದೋ ಏನೋ ನಿಮ್ಗೆ."

"ಅಕ್ಕ, ಹಾಗೆ ಹೇಳ್ಬೇಡ. ನಮ್ಮ ಗುಳ್ಳೆಬೇಲಿ ಕಸ ಹಿಡೀತದೆ. ಹಿಡಿದದ್ದು ನಮ್ಮ ಸಿಗಡಿಕೆರೆಗೆ ಹೋಗ್ತದೆ. ಇಲ್ಲಿಗೆ ಬರೂದು ಹೆಂಗೆ?"

"ನಿಮ್ಮ ಕೆರೆಗೆ ಈಗ ಎಷ್ಟು ಬರ್ತದೆ, ಹೇಳು."

 ಕೆರೆಗೆ ಈಚೆಗೆ ಹೆಚ್ಚೇನೂ ಬರುತ್ತಿರಲಿಲ್ಲ.

"ಗಂಜಿ ತಕೊಂಡು ಹೋಗು," ಎಂದಳು ಮಾದೇವಿ. "ಆ ಬದಿ ನೀರಲ್ಲಿ ಬೇಯಿಸಿದ್ದು ನನ್ನ ಗಂಟಲಲ್ಲಿ ಇಳಿಯೂದಿಲ್ಲ."

*

ಕಸಕ್ಕೂ ದಾರಿ ತೋರಿಸಿ, ದನ ಹೊಡೆದಂತೆ ಹೊಡೆದು ಕೊಟ್ಟಿಗೆಗೆ ಸೇರಿಸುವುದಾದರೆ? ಹೊಳೆಬಾಗಿಲಿನ ಜನ ಕೇಳಿಕೊಂಡ ಪ್ರಶ್ನೆ ಅದು. ಕೆಂಪುಹೊಳೆ ಕಡಲು ಸೇರುವ ಅಳಿವೆಯಲ್ಲಿ ಉತ್ತರ ದಡಕ್ಕೆ ಹೊಳೆಬಾಗಿಲು, ದಕ್ಷಿಣಕ್ಕೆ ಮರಳಕೇರಿ. ಹೊಳೆಯ ಮೇಲ್ಬದಿಗೆ ಪೇಟೆ. ಪೇಟೆಯ ಸಂತೆಮಾಳದ ಹಿಂದೆ ಲಾರಿಗಳು ಸುರಿದದ್ದೆಲ್ಲ ಮಳೆಗಾಲದಲ್ಲಿ ಹೊಳೆಗಿಳಿದು ಅಳಿವೆಗೆ ಬರುತ್ತಿತ್ತು. ಹೊಳೆಬಾಗಿಲಿನವರು ವರ್ಷಾನುಗಟ್ಟಲೆ ಪ್ರತಿ ಭಾನುವಾರ ದಡಕ್ಕಿಳಿದು ಹೆಕ್ಕಿದರು. ಹೆಕ್ಕಿದಷ್ಟೂ ಬಂತು. ಕೊನೆಗೆ ಊರವರೇ ಕಡಲ ಸಮಿತಿ ಮಾಡಿಕೊಂಡು, ಧಾರವಾಡದ ಎಂಜಿನಿಯರು ಶ್ರೀರಂಗ ಕುಲಕರ್ಣಿಯವರನ್ನು ಕರೆಸಿ, ಅಳಿವೆಯ ತಳದಲ್ಲಿ ತೂತಿನ ಪೈಪುಗಳನ್ನು ಹಾಸಿ ಗುಳ್ಳೆಬೇಲಿ ಕಟ್ಟಿದರು.

ಪೈಪಿಗೆ ಗಾಳಿ ಬಿಟ್ಟರೆ ಗುಳ್ಳೆಗಳು ಏಳುತ್ತವೆ. ಏಳುವ ಗುಳ್ಳೆ ತಳದ ನೀರನ್ನೂ ಮೇಲಕ್ಕೆಳೆಯುತ್ತದೆ, ಮೇಲೆ ಬಂದ ನೀರು ಅಕ್ಕಪಕ್ಕಕ್ಕೆ ಹರಡುತ್ತದೆ, ಅದರೊಂದಿಗೆ ತೇಲುವ ಕಸವೂ ಸರಿಯುತ್ತದೆ. ಮೀನಿಗೆ ತೊಂದರೆಯಿಲ್ಲ, ದೋಣಿಗೆ ಅಡ್ಡಿಯಿಲ್ಲ. ಯಾವ ಪೈಪು ಯಾವಾಗ ಉಸಿರು ಬಿಡಬೇಕೆಂದು ನಿರ್ಧರಿಸುವುದು ದಡದ ಕಂಟ್ರೋಲ್ ರೂಮಿನ ಯಂತ್ರ. ಕಂಬಗಳ ಕ್ಯಾಮೆರಾದಿಂದ ಅದು ಅಳಿವೆಯನ್ನು ನೋಡುತ್ತದೆ, ಗಾಳಿ ನೀರುಗಳ ಲೆಕ್ಕ ಹಾಕುತ್ತದೆ, ತಪ್ಪಿದ್ದನ್ನು ತಿದ್ದಿಕೊಂಡು ಕಲಿಯುತ್ತದೆ. ಅದಕ್ಕೆ ಕೊಟ್ಟ ಆಜ್ಞೆ ಎರಡೇ. ಭೂಪಟದಲ್ಲಿ ಹಸಿರು ಗೆರೆ ಎಳೆದ ದಡ ಸ್ವಚ್ಛವಾಗಿರಬೇಕು. ಕರೆಂಟು ಕಡಿಮೆ ಖರ್ಚಾಗಬೇಕು. ಹಸಿರು ಗೆರೆ ಎಳೆದದ್ದು ಸಮಿತಿಯ ಅಧ್ಯಕ್ಷ ಪ್ರಭಾಕರ ಮೇಸ್ತ. ಹೊಳೆಬಾಗಿಲಿನ ಗಡಿಕಲ್ಲಿನಿಂದ ಶುರುವಾದ ಗೆರೆ ಅಳಿವೆಯ ಬಾಯಿಗೆ ಬಂದು ನಿಂತಿತ್ತು.

ಮೊದಮೊದಲು ಕಸವೆಲ್ಲ ಪಾಳುಬಿದ್ದ ಸಿಗಡಿಕೆರೆಗೆ ಬಂದು ಬೀಳುತ್ತಿತ್ತು. ಊರಿನ ಹೆಂಗಸರು ಅದನ್ನು ಎತ್ತಿ ವಿಂಗಡಿಸುತ್ತಿದ್ದರು. ಬರಬರುತ್ತ ಕೆರೆಗೆ ಬರುವುದು ಕಡಿಮೆಯಾಯಿತು. ಸಮಿತಿ ಶಾಲೆಗಳಲ್ಲಿ ಮಾಡಿದ ಭಾಷಣದಿಂದ ಪೇಟೆಯವರಿಗೆ ಬುದ್ಧಿ ಬಂತೆಂದು ಎಲ್ಲರೂ ಹೇಳಿಕೊಂಡರು. ಆಮೆಗಳು ಮೊಟ್ಟೆಯಿಡಲು ಮತ್ತೆ ಬಂದವು. ಪತ್ರಿಕೆಯವರೂ ಬಂದರು. ಐಸ್ ಪ್ಲಾಂಟಿನಲ್ಲಿ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ್ದ ತಾರಾಮತಿ ಆಪರೇಟರ್ ಆಗಿ ಯಂತ್ರದ ಮುಂದೆ ಕುಳಿತು ಫೋಟೊ ತೆಗೆಸಿಕೊಂಡಳು.

ಅಕ್ಕನ ಮನೆಯಿಂದ ಬಂದವಳು ನೇರ ಕಂಟ್ರೋಲ್ ರೂಮಿಗೆ ಹೋದಳು. ಆ ದಿನದ ಇಳಿತ ಶುರುವಾಗಿತ್ತು. ಪರದೆಯ ಮೇಲೆ ಹೊಳೆಯಿಂದ ಇಳಿದು ಬರುವ ಕಸ ಕಂದು ಚುಕ್ಕೆಗಳಾಗಿ ಕಾಣುತ್ತಿತ್ತು. ಇಷ್ಟು ದಿನ ಅವಳು ನೋಡುತ್ತಿದ್ದದ್ದು ಹಸಿರು ಗೆರೆಯನ್ನು. ಅದರ ಮೇಲೆ ಚುಕ್ಕೆ ಬಿದ್ದರೆ ಮಾತ್ರ ಅವಳ ಕೆಲಸ. ಈಗ ಅವಳು ಚುಕ್ಕೆಗಳ ಬೆನ್ನು ಹಿಡಿದಳು. ಅವು ಕೆರೆಯ ಬಾಯಿಯವರೆಗೂ ಬಂದವು. ಅಲ್ಲಿ ಎರಡು ಪೈಪು ಮೆಲ್ಲನೆ ಉಸಿರು ಬಿಟ್ಟವು. ಚುಕ್ಕೆಗಳ ಸಾಲು ಎಡಕ್ಕೆ ಹೊರಳಿ, ಇಳಿಯುವ ನೀರಿನ ಬೆನ್ನೇರಿ, ಮರಳಕೇರಿಯ ಕೆಸರಿನ ಮೇಲೆ ಹೋಗಿ ಹರಡಿಕೊಂಡಿತು.

ಅವಳು ಕುಲಕರ್ಣಿಯವರಿಗೆ ಫೋನು ಮಾಡಿ ಕಂಡದ್ದನ್ನು ಹೇಳಿದಳು.

 "ಕೆರಿಗೆ ತರಬೇಕಂದ್ರ ಗಾಳಿ ಜಾಸ್ತಿ ಬೇಕಾಗ್ತದ," ಎಂದರು ಕುಲಕರ್ಣಿ. "ಆ ಕಡೆ ದಬ್ಬಾಕ ಕಡಿಮಿ ಸಾಕು. ಅದು ಕಲ್ತದ. ನಾವು ಬ್ಯಾಡ ಅಂದಿಲ್ಲಲ್ರೀ ಅದಕ್ಕ. ಆ ದಂಡಿ ಅದರ ಪಾಲಿಗೆ ಇಲ್ಲಾನ ಇಲ್ಲ."

*

ಸಮಿತಿಯ ಸಭೆಯಲ್ಲಿ ತಾರಾಮತಿ ಎಲ್ಲವನ್ನೂ ಪರದೆಯ ಮೇಲೆ ತೋರಿಸಿದಳು. ಅಯ್ಯೋ ಅನ್ನುತ್ತಾರೆಂದು, ಈಗಲೇ ಸರಿಮಾಡು ಅನ್ನುತ್ತಾರೆಂದು ಅವಳು ನಂಬಿದ್ದಳು. ಸಭೆಯಲ್ಲಿ ಯಾರ ಮುಖದಲ್ಲೂ ಆಶ್ಚರ್ಯ ಕಾಣಲಿಲ್ಲ. ದೋಣಿಯಲ್ಲಿ ಹೋಗಿಬರುವವರ ಕಣ್ಣಿಗೆ ಮರಳಕೇರಿಯ ದಡ ಬೀಳದೆ ಇರುತ್ತದೆಯೇ? ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಂತೆ ಇದ್ದರು, ಅಷ್ಟೇ.

ಪ್ರಭಾಕರ ಮೇಸ್ತ ಎದ್ದು ನಿಂತರು. ಮೊದಲ ಭಾನುವಾರ ಒಬ್ಬರೇ ಗೋಣಿಚೀಲ ಹಿಡಿದು ದಡಕ್ಕಿಳಿದವರು ಅವರು. ಕಸ ಹೊತ್ತೇ ಅವರ ಬೆನ್ನು ಬಾಗಿತ್ತು.

"ತಂಗಿ, ಒಂದು ಕೇಳ್ತೆ," ಎಂದರು. "ನಾವು ಹೆಕ್ಕುವಾಗ ಆ ಬದಿಯವ್ರು ಒಂದು ದಿನ ಬಂದಿದ್ರಾ? ಪೈಪು ಹಾಕೂಕೆ ಸೇರ್ಕೊಳ್ಳಿ ಅಂತ ನಾನೇ ಹೋಗಿ ಕರೆದಿದ್ದೆ. ಎಂತ ಹೇಳಿದ್ರು ಗೊತ್ತುಂಟಾ? 'ಮೇಸ್ತನಿಗೆ ಪೇಪರಲ್ಲಿ ಹೆಸ್ರು ಬರ್ಬೇಕು' ಅಂತ ನೆಗಾಡಿದ್ರು. ಈಗ ನೆಗಾಡ್ಲಿ."

"ಅವ್ರು ಬೆಳಚು ತಿಂದು ಬದುಕೂ ಜನ, ಮೇಸ್ತರೇ. ಹೆಂಗಸ್ರು ಕೆಸರಿಗಿಳಿಯೂಕೆ ಹೆದರ್ತಿದ್ದಾರೆ. ನಮ್ಮಕ್ಕನ ಕಾಲು..."

"ನಿಮ್ಮಕ್ಕ," ಎಂದ ಹಿಂದಿನ ಸಾಲಿನಿಂದ ಒಬ್ಬ. "ಅದಕ್ಕೇ ಇಷ್ಟೆಲ್ಲ ಹೇಳೂದು ಈಗ."

ನಗು ಹರಡಿತು. ಗೆರೆ ಬದಲಿಸಬೇಕೆಂದವರು ಕೈಯೆತ್ತಿ ಎಂದಾಗ ತಾರಾಮತಿ ಎತ್ತಿದಳು. ಆಮೆಮರಿಗಳನ್ನು ಕಾಯುತ್ತಿದ್ದ ಇಬ್ಬರು ಹುಡುಗಿಯರು ಅರ್ಧ ಎತ್ತಿ, ಸುತ್ತ ನೋಡಿ, ಇಳಿಸಿದರು.

ಮರುದಿನ ಬೆಳಿಗ್ಗೆ ಅವಳು ಕಂಟ್ರೋಲ್ ರೂಮಿನಲ್ಲಿ ಕುಳಿತು ಹಸಿರು ಗೆರೆಯ ತುದಿಯನ್ನು ಹಿಡಿದು, ಅಳಿವೆಯ ಬಾಯಿಯನ್ನು ದಾಟಿಸಿ, ಮರಳಕೇರಿಯ ಕೊನೆಯ ತೆಂಗಿನ ಮರದವರೆಗೂ ಎಳೆದಳು. ಯಾರೂ ಅದನ್ನು ಹಿಂದಕ್ಕೆ ಎಳೆಯದಂತೆ ಗುಪ್ತಪದ ಬದಲಿಸಿದಳು. ಆಮೇಲೆ ನಡೆದುಕೊಂಡೇ ಮೇಸ್ತರ ಮನೆಗೆ ಹೋಗಿ, ಜಗಲಿ ಹತ್ತದೆ ಅಂಗಳದಲ್ಲೇ ನಿಂತು, ತಾನು ಮಾಡಿದ್ದನ್ನು ಹೇಳಿದಳು.

ಮೇಸ್ತರು ಹಲ್ಲುಜ್ಜುತ್ತಿದ್ದರು. ಬಾಯಿ ಮುಕ್ಕಳಿಸಿ ಉಗಿದು, "ಆಯ್ತು," ಎಂದರು. "ಕೆರೆ ನೀನೇ ಖಾಲಿ ಮಾಡು ಹಾಗಾದ್ರೆ. ನಮ್ಮವ್ರು ಯಾರೂ ಕೆರೆಗೆ ಇಳಿಯೂದಿಲ್ಲ."

*

ಅವರು ಹೇಳಿದಂತೆಯೇ ಆಯಿತು. ಯಂತ್ರ ಹೊಸ ಗೆರೆಗೆ ಹೊಂದಿಕೊಂಡು ಕಸವನ್ನು ಕೆರೆಗೆ ತರತೊಡಗಿತು. ಕೆರೆಯಿಂದ ಎತ್ತುವವರಿರಲಿಲ್ಲ. ತಾರಾಮತಿ ಸೀರೆ ಎತ್ತಿ ಕಟ್ಟಿ ಇಳಿದು ಒಬ್ಬಳೇ ಎತ್ತಿದಳು. ಒಂದು ಬುಟ್ಟಿ ಎತ್ತುವಷ್ಟರಲ್ಲಿ ಹತ್ತು ಬುಟ್ಟಿಯಷ್ಟು ಬಂದು ಬೀಳುತ್ತಿತ್ತು. ಮೊದಲ ದೊಡ್ಡ ಮಳೆಗೆ ಹೊಳೆ ಕೆಂಪಾಗಿ, ಪೇಟೆಯ ಬೇಸಿಗೆಯ ಕಸವೆಲ್ಲ ಒಮ್ಮೆಲೇ ಇಳಿದು ಕೆರೆ ತುಂಬಿ ಬಾಯಿ ಕಟ್ಟಿತು.

ಯಂತ್ರಕ್ಕೆ ಈಗ ಉತ್ತರ ದಡ ನಿಷಿದ್ಧ, ದಕ್ಷಿಣ ದಡ ನಿಷಿದ್ಧ, ಕೆರೆ ಭರ್ತಿ; ಕಡಲಿಗೆ ಬಿಟ್ಟರೆ ಅಲೆಗಳು ಮತ್ತೆ ದಡಕ್ಕೇ ತಂದು ಹಾಕುತ್ತವೆ. ಅದು ಎಲ್ಲ ಪೈಪುಗಳಿಂದಲೂ ಗಾಳಿಯೂದಿ ಕಸವನ್ನು ಅಳಿವೆಯ ನಡುವೆಯೇ ತಡೆದು ನಿಲ್ಲಿಸಿತು. ಮೊದಲ ದಿನ ಅದು ಚಾಪೆಯಷ್ಟಿತ್ತು, ಆಮೇಲೆ ಅಂಗಳದಷ್ಟಾಯಿತು. ವಾರ ಕಳೆಯುವುದರೊಳಗೆ ಅಳಿವೆಯ ನಟ್ಟನಡುವೆ ಬೂದು ಬಣ್ಣದ ಒಂದು ದ್ವೀಪ ಸುತ್ತ ನೊರೆ ಕಟ್ಟಿಕೊಂಡು ತೇಲುತ್ತಿತ್ತು. ಅದರ ಮೇಲೆ ಕಾಗೆಗಳು ಕೂರುತ್ತಿದ್ದವು. ಎರಡೂ ಊರಿನ ದೋಣಿಗಳ ಪ್ರೊಪೆಲ್ಲರಿಗೆ ಹಗ್ಗ, ಚೀಲ ಸುತ್ತಿಕೊಂಡು ಕಡಲಿಗೆ ಹೋಗುವ ದಾರಿ ಮುಚ್ಚಿತು.

ತಾರಾಮತಿಯ ಗಂಡ ಜಟ್ಟಪ್ಪನ ದೋಣಿಯೂ ದಡದಲ್ಲೇ ನಿಂತಿತು.  ಮೂರನೆಯ ದಿನ ಮಧ್ಯಾಹ್ನ ಅವಳು ಬಡಿಸಿದ ತಟ್ಟೆಯನ್ನು ಅವನು ಮುಂದೆ ದೂಡಿದ.

"ಮೀನಿಲ್ಲದ ಸಾರು," ಎಂದ. "ಕಡಲು ಇಲ್ಲೇ ಉಂಟು, ಬಾಗಿಲು ತೆಗೆದ್ರೆ ಕಾಣ್ತದೆ. ಹೋಗೂಕೆ ಆಗೂದಿಲ್ಲ. ದಾರಿ ಯಾರು ಕಟ್ಟಿದ್ದು ಅಂತ ಕೇಳಿದ್ರೆ ನನ್ನ ಹೆಂಡ್ತಿ ಅಂತ ಹೇಳ್ಬೇಕು ನಾನು."

"ಆಚೆ ದಡದವ್ರು ಹೋದ ವರ್ಷದಿಂದ ಹೀಗೇ ಉಂಡಿದ್ದಾರೆ."

"ಅವ್ರ ಹೆಸ್ರು ಎತ್ಬೇಡ ಈ ಮನೇಲಿ. ಇವತ್ತು ಬೆಳಿಗ್ಗೆ ಅವ್ರು ಅಳಿವೇಲಿ ನಮ್ಮವನ ತಲೆಗೆ ಹುಟ್ಟಲ್ಲಿ ಹೊಡೆದ್ರು. ಹೊಳೆಬಾಗಿಲಿನವ್ರೇ ಕಸ ತಂದು ನಿಲ್ಸಿದ್ದು, ದಾರಿ ಕಟ್ಟೂಕೆ ಅಂತ ಹೇಳ್ತಾರೆ ಅವ್ರು. ನಿನ್ನಕ್ಕನ ಊರಿನವ್ರಿಗೂ ನೀನು ಬೇಡ, ನಿನ್ನ ಊರಿನವ್ರಿಗೂ ಬೇಡ. ಯಾರಿಗೋಸ್ಕರ ಮಾಡಿದ್ದು ಇದೆಲ್ಲ?"

 ತಟ್ಟೆಯಲ್ಲಿದ್ದದ್ದನ್ನು ಮತ್ತೆ ಪಾತ್ರೆಗೆ ಸುರಿದು ಅವಳು ಕೆಲಸಕ್ಕೆ ಹೊರಟಳು. ದಾರಿಯಲ್ಲಿ ಅಂಗಡಿಯವನು ಅವಳಿಗೆ ಸಾಮಾನು ಕೊಡಲಿಲ್ಲ. ಕಂಟ್ರೋಲ್ ರೂಮಿನ ಕಿಟಕಿಯ ಗಾಜು ಒಡೆದಿತ್ತು. ಒಳಗೆ ಮೇಜಿನ ಮೇಲೆ ಯಾರೋ ಕೊಳೆತ ಮೀನು ಎಸೆದು ಹೋಗಿದ್ದರು.

*

ಅಮಾವಾಸ್ಯೆ ಹತ್ತಿರವಾಯಿತು. ಆ ದಿನಗಳಲ್ಲಿ ಉಬ್ಬರ ದೊಡ್ಡದು. ಕಡಲ ನೀರು ಹೊಳೆಯೊಳಗೆ ಪೇಟೆಯವರೆಗೂ ನುಗ್ಗುತ್ತದೆ. ಆ ಬೆಳಿಗ್ಗೆ ತಾರಾಮತಿ ಪರದೆಯ ಮುಂದೆ ಕುಳಿತಾಗ ಕಸವನ್ನು ಯಾವ ಕಡೆ ದೂಡುತ್ತಿದೆಯೆಂದು ತೋರಿಸುವ ಯಂತ್ರದ ಬಾಣಗಳೆಲ್ಲ ದಿಕ್ಕು ಬದಲಿಸಿದ್ದವು. ಇಷ್ಟು ದಿನ ಕಸವನ್ನು ಹಿಡಿದು ನಿಲ್ಲಿಸುತ್ತಿದ್ದ ಪೈಪುಗಳು ಕಡಲ ಬದಿಯಿಂದ ಒಂದೊಂದಾಗಿ ಏಳುತ್ತ ಬಂದವು. ದ್ವೀಪ ಮೆಲ್ಲನೆ ಅಲುಗಿತು. ಉಬ್ಬರದ ನೀರು ಅದರ ಬೆನ್ನಿಗೆ ಕೈಹಾಕಿತು.

ಅದು ಏನು ಮಾಡುತ್ತಿದೆಯೆಂದು ಅವಳಿಗೆ ಕೂಡಲೇ ಅರ್ಥವಾಯಿತು. ಪೇಟೆಯ ದಡಕ್ಕೆ ಹಸಿರು ಗೆರೆಯಿಲ್ಲ. ಹೊಳೆಬಾಗಿಲು ಮರಳಕೇರಿಗೆ ಮಾಡಿದ್ದನ್ನೇ ಯಂತ್ರ ಈಗ ಪೇಟೆಗೆ ಮಾಡುತ್ತಿದೆ. ನಿಲ್ಲಿಸಲು ಒಂದು ಗುಂಡಿ ಸಾಕು. ಅವಳ ಬೆರಳು ಗುಂಡಿಯ ಮೇಲಿತ್ತು.

ಪೇಟೆಯಲ್ಲಿ ದೋಣಿ ನಿಲ್ಲುವ ಧಕ್ಕೆಯ ಪಕ್ಕದಲ್ಲಿ ಗುಡಿಸಲುಗಳಿವೆ ಎಂಬುದು ಅವಳಿಗೆ ನೆನಪಾಯಿತು. ಅವರೇನೂ ಲಾರಿ ತಂದು ಸುರಿದವರಲ್ಲ. ಗೆರೆಯನ್ನು ಅಲ್ಲಿಗೂ ಎಳೆದರೆ? ಎಳೆದರೆ ಕಸಕ್ಕೆ ಹೋಗಲು ಎಲ್ಲಿಯೂ ಜಾಗವಿರುವುದಿಲ್ಲ. ಈ ಎರಡು ಊರುಗಳ ನಡುವೆ ಅದು ಬೆಳೆಯುತ್ತಲೇ ಇರುತ್ತದೆ, ಹುಟ್ಟಿನ ಏಟು ನಾಳೆ ಕತ್ತಿಯ ಏಟಾಗುತ್ತದೆ. ಪೇಟೆಯಲ್ಲಿ ಲಾರಿಗಳಿವೆ, ಆಳುಗಳಿದ್ದಾರೆ, ಕಸ ವಿಂಗಡಿಸಲೆಂದು ಕಟ್ಟಿ ಬೀಗ ಹಾಕಿಟ್ಟ ದೊಡ್ಡ ಶೆಡ್ಡಿದೆ. ಅಲ್ಲಿ ಇಲ್ಲದ್ದೆಂದರೆ ಆ ಕಸವನ್ನು ನೋಡಬೇಕಾದ ಕಷ್ಟ ಒಂದೇ.

ತಾರಾಮತಿ ಕೈ ತೆಗೆದಳು. ಕಾಗೆಗಳನ್ನು ಹೊತ್ತುಕೊಂಡೇ ದ್ವೀಪ ಹೊಳೆ ಹತ್ತಿತು.

ಮಧ್ಯಾಹ್ನದ ಹೊತ್ತಿಗೆ ಪೇಟೆಯ ಧಕ್ಕೆ, ಸಂತೆಮಾಳ, ಹೊಳೆಬದಿಯ ಹೋಟೆಲುಗಳ ಮೆಟ್ಟಿಲು ಎಲ್ಲ ಮುಚ್ಚಿಹೋದವು. ಗುಡಿಸಲುಗಳಿಗೂ ನುಗ್ಗಿತು, ಅಲ್ಲಿಯ ಹೆಂಗಸೊಬ್ಬಳು ಸೊಂಟದೆತ್ತರದ ಕಸದಲ್ಲಿ ಮಗುವನ್ನು ತಲೆಯ ಮೇಲೆ ಹೊತ್ತು ನಿಂತ ಚಿತ್ರ ಎಲ್ಲರ ಫೋನಿಗೂ ಬಂತು. ತಾರಾಮತಿ ಅದನ್ನು ನೋಡಿದಳು. ನೋಡಿ ಫೋನನ್ನು ಬೋರಲು ಹಾಕಿದಳು. ಬೇರೆ ದಾರಿ ಇರಲಿಲ್ಲ ಎಂದು ಎಷ್ಟು ಸಲ ಹೇಳಿಕೊಂಡರೂ ಆ ಮುಖ ಕಣ್ಣಿನಿಂದ ಹೋಗಲಿಲ್ಲ.

*

ಮರುದಿನ ಪೊಲೀಸ್ ಜೀಪು, ಹಿಂದೆ ಪೇಟೆಯ ಅಧಿಕಾರಿಯ ಕಾರು ಹೊಳೆಬಾಗಿಲಿಗೆ ಬಂದವು. ಅಧಿಕಾರಿ ಕಂಟ್ರೋಲ್ ರೂಮಿನ ಮುಂದೆ ನಿಂತು, "ಯಂತ್ರ ಬಂದ್ ಮಾಡಿ. ಸೀಲ್ ಮಾಡ್ತೇವೆ. ಪೇಟೆಗೆ ಕಸ ಬಿಟ್ಟದ್ದಕ್ಕೆ ಕೇಸು ಬೇರೆ," ಎಂದರು.

ಊರು ಸೇರಿತ್ತು. ಯಾರೂ ತಾರಾಮತಿಯ ಪಕ್ಕ ಬಂದು ನಿಲ್ಲಲಿಲ್ಲ. ತನ್ನನ್ನು ಪೊಲೀಸರಿಗೆ ಕೊಟ್ಟುಬಿಡುತ್ತಾರೆಂದೇ ಅವಳು ಅಂದುಕೊಂಡಳು. ಆದರೆ ಪ್ರಭಾಕರ ಮೇಸ್ತ ಬಾಗಿದ ಬೆನ್ನನ್ನು ಸಾಧ್ಯವಾದಷ್ಟು ನೆಟ್ಟಗೆ ಮಾಡಿ ಮುಂದೆ ಬಂದರು.

"ಬಿಟ್ಟದ್ದಲ್ಲ ಸಾರ್. ವಾಪಸ್ ಕೊಟ್ಟದ್ದು. ಹಾಲಿನ ಕವರಿನ ಮೇಲೆ ನಿಮ್ಮ ಪೇಟೆ ಡೇರಿ ಹೆಸ್ರೇ ಉಂಟು, ಓದಿ."

"ಈ ಹೆಂಗಸು ಯಾರನ್ನೂ ಕೇಳದೆ ಮಾಡಿದ್ದಾಳೆ ಅಂತ ನಿಮ್ಮವರೇ ಹೇಳಿದ್ದಾರೆ."

"ನಮ್ಮನ್ನ ಕೇಳ್ಲಿಲ್ಲ, ಅದು ಹೌದು. ಆ ಜಗಳ ನಮ್ಮೊಳಗೆ ಉಂಟು, ಇನ್ನೂ ಮುಗೀಲಿಲ್ಲ. ಅದಕ್ಕೆ ನೀವು ಬೇಡ."

ಪೊಲೀಸರು ಬಾಗಿಲಿನತ್ತ ಹೆಜ್ಜೆಯಿಟ್ಟರು. ಆಗ ಅಳಿವೆಯ ಕಡೆಯಿಂದ ದೋಣಿಗಳ ಸದ್ದು ಕೇಳಿತು. ಮರಳಕೇರಿಯ ದೋಣಿಗಳು, ಒಂದರ ಹಿಂದೊಂದು. ಹೊಳೆಬಾಗಿಲಿನ ಗಂಡಸರು ಕಲ್ಲು ಹೆಕ್ಕಿಕೊಂಡರು. ಜಟ್ಟಪ್ಪನ ಕೈಯಲ್ಲಿ ಹುಟ್ಟಿತ್ತು. ಇವರು ಯಂತ್ರ ಒಡೆಯಲು ಬಂದವರು ಎಂದೇ ಎಲ್ಲರೂ ತಿಳಿದರು. ತಾರಾಮತಿಯೂ ಹಾಗೇ ತಿಳಿದಳು.

ಬಂದವರು ಹೆಚ್ಚಿನವರು ಹೆಂಗಸರು. ಎಲ್ಲರಿಗಿಂತ ಮುಂದೆ ಮಾದೇವಿ, ಕಂಕುಳಲ್ಲಿ ಊರುಗೋಲು, ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಮರಳಿನಲ್ಲಿ ಎಳೆದೆಳೆದು ನಡೆದಳು. ಕಲ್ಲು ಹಿಡಿದ ಗಂಡಸರ ನಡುವಿನಿಂದಲೇ ಬಂದಳು. ಅವರು ಜಾಗ ಬಿಟ್ಟರು. ಕಂಟ್ರೋಲ್ ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು. ಅವಳ ಹಿಂದೆ ಬಂದವರೂ ಅಲ್ಲಲ್ಲೇ ಕುಳಿತರು.

"ಎದ್ದೇಳಮ್ಮ," ಎಂದರು ಅಧಿಕಾರಿ. "ಇದು ನಿಮ್ಮ ಊರಲ್ಲ."

"ಅಲ್ಲ," ಎಂದಳು ಮಾದೇವಿ. "ಆದ್ರೆ ಈ ವಾರ ನಮ್ಮ ಕೆಸರಲ್ಲಿ ಹೊಸ ಕಸ ಬೀಳ್ಲಿಲ್ಲ. ಇದು ನಿಂತ್ರೆ ನಾಳೆ ಬೀಳ್ತದೆ. ನನ್ನ ಮೇಲೆ ಕಾಲಿಟ್ಟು ಒಳಗೆ ಹೋಗಿ ಬೇಕಾದ್ರೆ. ನನಗೆ ಹೇಗೂ ನಡೆಯೂಕೆ ಆಗೂದಿಲ್ಲ."

ಅಧಿಕಾರಿ ಪೊಲೀಸರನ್ನು ನೋಡಿದರು. ಪೊಲೀಸರು ಕುಳಿತ ಹೆಂಗಸರನ್ನು ನೋಡಿದರು. ಬಹಳ ಹೊತ್ತು ಫೋನಿನಲ್ಲಿ ಮಾತಾಡಿ, ಕೋರ್ಟಿನ ಆದೇಶ ತರುತ್ತೇವೆಂದು ಹೇಳಿ ಅವರು ಹೊರಟುಹೋದರು. ತರುವುದಂತೂ ನಿಶ್ಚಯ. ಆದರೆ ಅದೇ ದಿನ ಸಂಜೆಯೊಳಗೆ ಪೇಟೆಯಲ್ಲಿ ಶೆಡ್ಡಿನ ಬೀಗ ಒಡೆದು ಲಾರಿಗಳು ಓಡಾಡತೊಡಗಿದವೆಂಬ ಸುದ್ದಿಯೂ ಬಂತು.

ಜೀಪು ಕಣ್ಮರೆಯಾದ ಮೇಲೂ ಕಲ್ಲು ಹಿಡಿದವರು ಕಲ್ಲು ಬಿಡಲಿಲ್ಲ, ಕುಳಿತವರು ಏಳಲಿಲ್ಲ.

ತಾರಾಮತಿ ಅಕ್ಕನ ಬಳಿ ಕುಕ್ಕರುಗಾಲಿನಲ್ಲಿ ಕುಳಿತು, "ಅಕ್ಕ..." ಎಂದಳು.

"ನಿನ್ನ ಮುಖ ನೋಡೂಕೆ ಬಂದದ್ದಲ್ಲ ನಾನು," ಎಂದಳು ಮಾದೇವಿ. "ಈ ಯಂತ್ರದ ಮನೆಗೆ ಒಂದು ಕೀಲಿ ನಮ್ಮ ಊರಿಗೆ ಬೇಕು. ಗೆರೆ ಎಳೆಯುವಾಗ ನಮ್ಮವ್ರೂ ಕೂರ್ಬೇಕು. ಕೆರೆ ಅರ್ಧ ನಾವು ಎತ್ತುತ್ತೇವೆ, ಅರ್ಧ ನೀವು ಎತ್ತಿ."

"ಅದು ಹೆಂಗಾಗ್ತದೆ?" ಎಂದರು ಮೇಸ್ತ. "ಯಂತ್ರ ನಮ್ಮದು."

"ನಿಮ್ಮ ಯಂತ್ರ ನಮ್ಮ ನೀರಲ್ಲಿ ಎಂತಕೆ ಉಸಿರು ಬಿಡ್ತದೆ, ಮೇಸ್ತರೇ? ಹೊಳೆಗೆ ಎರಡು ದಡ ಉಂಟು. ಒಂದೇ ದಡ ಇದ್ರೆ ಅದಕ್ಕೆ ಹೊಳೆ ಅಂತ ಹೇಳ್ತಾರಾ?"

 ಕರೆದಾಗ ಬರದವರು, ನಕ್ಕವರು, ಈಗ ಬಾಗಿಲಲ್ಲಿ ಕುಳಿತಿದ್ದಾರೆ. ಅವರನ್ನು ನೋಡುವಾಗ ಮೇಸ್ತರ ಮುಖದಲ್ಲಿ ಕ್ಷಮೆಯಿರಲಿಲ್ಲ. ಸೊಂಟದಿಂದ ಕೀಲಿಗೊಂಚಲು ತೆಗೆದರು. ಅದರಿಂದ ಒಂದನ್ನು ಬಿಡಿಸಿ, ಮಾದೇವಿಯ ಕೈಗೆ ಕೊಡದೆ, ಅವಳ ಮುಂದೆ ನೆಲದ ಮೇಲಿಟ್ಟು, ತಿರುಗಿ ನೋಡದೆ ನಡೆದರು.

ಮಾದೇವಿ ಕೀಲಿ ಎತ್ತಿಕೊಂಡಳು. ಯಾರ ಕೈಯನ್ನೂ ಹಿಡಿಯದೆ ಊರುಗೋಲಿನ ಮೇಲೆ ಭಾರ ಹಾಕಿ ಎದ್ದು ಒಳಗೆ ಬಂದಳು. ತಾರಾಮತಿ ಕುರ್ಚಿಯನ್ನು ಅವಳತ್ತ ಸರಿಸಿದಳು. ಅಕ್ಕ ಕುಳಿತಳು. ತಾರಾಮತಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಪಕ್ಕದಲ್ಲಿಟ್ಟಳು. ಅದು ಅಲ್ಲೇ ಕೆನೆಗಟ್ಟಿತು.

ಪರದೆಯ ಮೇಲೆ ಇಳಿತ ಶುರುವಾಗಿತ್ತು. ಹೊಳೆಯಿಂದ ನಾಲ್ಕಾರು ಕಂದು ಚುಕ್ಕೆಗಳು ಇಳಿದು ಬರುತ್ತಿದ್ದವು.

"ಅಕ್ಕ, ಆ ದಿನ ನಾನು ಗಂಜಿ ತಂದಾಗ..."

"ಹೇಳಿಕೊಡು," ಎಂದಳು ಮಾದೇವಿ, ಪರದೆಯಿಂದ ಕಣ್ಣು ತೆಗೆಯದೆ. "ಮಾತಾಡ್ಬೇಡ. ಬರೀ ಹೇಳಿಕೊಡು. ಈ ಬಾಣ ಎಂತದು?"

ತಾರಾಮತಿ ಅವಳ ಹಿಂದೆ ನಿಂತು, ಭುಜಕ್ಕೆ ಕೈ ತಾಗದಂತೆ ಬಗ್ಗಿ, ಪರದೆಯ ಮೇಲೆ ಬೆರಳಿಟ್ಟು ಹೇಳಿಕೊಡತೊಡಗಿದಳು.